ಮರುಭೂಮಿಯ ಹಿಮದಲ್ಲಿ ಪೀಣ್ಯದ ಎಣ್ಣೆ

ಹೊರಡುವ ಮುನ್ನ, ಪೀಣ್ಯ

ಮರುಭೂಮಿಗೆ ಹೋಗುತ್ತಿದ್ದೇನೆ ಎಂದು ಬಾಯಿ ಬಿಟ್ಟದ್ದೇ ತಪ್ಪಾಯಿತು. ನಮ್ಮ ಅಪಾರ್ಟ್‌ಮೆಂಟಿನ ಎರಡು ಮನೆಯವರು ಬಿಸಿಲಿನ ಟೋಪಿ ತಂದು ಕೊಟ್ಟರು. ಮೂರನೆಯವರು ಒಂಟೆಯ ಮೇಲೆ ಕೂತು ಫೋಟೊ ಕಳಿಸಬೇಕೆಂದು ಮಾತು ತೆಗೆದುಕೊಂಡರು. ಅಲ್ಲಿ ಹಿಮ ಬೀಳುತ್ತದಂತೆ ಎಂದರೆ ಯಾರೂ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ. ಮರುಭೂಮಿ ಎಂದರೆ ಮರಳು, ಹಿಮ ಎಂದರೆ ಹಿಮಾಲಯ. ಇವೆರಡೂ ಒಂದೇ ಊರಲ್ಲಿ ಸಂಸಾರ ಮಾಡುತ್ತವೆ ಎಂದರೆ ನಂಬುವುದು ಹೇಗೆ?

ನಾನು ಬ್ಯಾಡಗಿ ಕಡೆಯವಳು, ಹೆಸರು ಶೈಲಜಾ. ಮದುವೆಯಾಗಿ ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಪೀಣ್ಯದಲ್ಲಿ ನಾನೂ ನಮ್ಮ ಯಜಮಾನರೂ ಒಂದು ಸಣ್ಣ ಕಾರ್ಖಾನೆ ನಡೆಸುತ್ತೇವೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಯಂತ್ರಗಳು ನಮ್ಮ ಕಸುಬು. ಹೋದ ವರ್ಷ ಮರದ ದಿಮ್ಮಿ ಸೀಳುವ ಯಂತ್ರವೊಂದನ್ನು ಮಾಡಿ ಅದರ ವಿಡಿಯೊ ಹಾಕಿದ್ದೆವು. ಅದನ್ನು ನೋಡಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಿಂದ ಡೊಲೊರೆಸ್ ಎಂಬ ಎಪ್ಪತ್ತೊಂದು ವರ್ಷದ ಹೆಂಗಸು ಇಮೇಲ್ ಬರೆದರು. ತಮ್ಮ ಹಳ್ಳಿಯ ವಯಸ್ಸಾದವರ ಮನೆಗಳಿಗೆ ಚಳಿಗಾಲದ ಸೌದೆ ಒದಗಿಸುವ ಕೆಲಸವನ್ನು ಅವರು ಮೈಮೇಲೆ ಹಾಕಿಕೊಂಡಿದ್ದರು. ಕೊಡಲಿ ಹಿಡಿಯುವ ಕೈಗಳು ಊರಲ್ಲಿ ಕಮ್ಮಿಯಾಗಿವೆ, ಯಂತ್ರ ಬೇಕು ಎಂದರು. ಮಾತುಕತೆಯ ಉದ್ದಕ್ಕೂ ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಚಳಿಗೆ ಇದು ತಡೆಯುತ್ತದೆಯೇ? ಚಳಿಗಾಲದ ಬೆಳಗಿನ ಜಾವವೇ ಪರೀಕ್ಷೆ ಮಾಡಿದ್ದೇವೆ, ಯೋಚನೆ ಬೇಡ ಎಂದು ನಾನು ಉತ್ತರ ಬರೆದೆ. ಅದು ಸುಳ್ಳಲ್ಲ. ಡಿಸೆಂಬರಿನ ಒಂದು ದಿನ ಬೆಳಗ್ಗೆ ಆರಕ್ಕೆ ನಾನು ಶಾಲು ಹೊದ್ದು, ನಮ್ಮ ಹಿರಿಯ ಫಿಟ್ಟರ್ ಮುನಿರಾಜಣ್ಣ ಮಂಕಿ ಕ್ಯಾಪ್ ಹಾಕಿಕೊಂಡು, ಚಳಿಗೆ ಹಲ್ಲು ಕಟಕಟಿಸುತ್ತಲೇ ಯಂತ್ರ ಓಡಿಸಿದ್ದೆವು.

ಯಂತ್ರ ಹಡಗಿನಲ್ಲಿ ಮುಂಚಿತವಾಗಿಯೇ ಹೋಯಿತು. ಅದನ್ನು ಜೋಡಿಸಿ, ಓಡಿಸಿ ತೋರಿಸಿ, ಡೊಲೊರೆಸ್ ಅವರ ಒಪ್ಪಿಗೆಯ ಸಹಿ ತರಲು ಯಜಮಾನರೂ ಮುನಿರಾಜಣ್ಣನೂ ಹೋಗುವುದೆಂದು ಆಗಿತ್ತು. ಹೊರಡಲು ಹತ್ತು ದಿನವಿರುವಾಗ ಯಜಮಾನರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ವೀಸಾ ನನಗೂ ಆಗಿತ್ತು. ಹೀಗೆ ಟೋಪಿ ಎರಡರ ಸಮೇತ ನಾನು ಹೊರಟೆ.

ಮುನಿರಾಜಣ್ಣ ಪೀಣ್ಯದ ಪಕ್ಕದ ಚೊಕ್ಕಸಂದ್ರದವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಬಾಡಿಗೆ ಮನೆಗಳಿವೆ. ಕೂತು ಉಣ್ಣಬಹುದು, ಆದರೂ ದಿನಾ ಎಂಟಕ್ಕೆ ಮೊದಲೇ ಕಾರ್ಖಾನೆಯಲ್ಲಿ ಹಾಜರು. ಮನೆಯಲ್ಲಿದ್ದರೆ ನಲ್ಲಿ ಸೋರುತ್ತಿದೆ, ಬಲ್ಬು ಹೋಗಿದೆ ಎಂದು ಬಾಡಿಗೆಯವರು ಪ್ರಾಣ ತಿನ್ನುತ್ತಾರೆ ಎನ್ನುವುದು ಅವರ ಸಮಜಾಯಿಷಿ.

ಇಳಿದ ಮೇಲೆ

ಅಮೆರಿಕದಲ್ಲಿ ಕಾಲಿಟ್ಟ ಮೊದಲ ನಿಲ್ದಾಣದಲ್ಲೇ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು. ಮುನಿರಾಜಣ್ಣನ ಚೀಲದಲ್ಲಿ ಐದು ಕೆಜಿ ರಾಗಿಹಿಟ್ಟು ಸಿಕ್ಕಿತ್ತು. ಅಧಿಕಾರಿ ಅದನ್ನು ಚಮಚದಲ್ಲಿ ಕೆದಕಿ ಕೆದಕಿ ನೋಡುತ್ತಿದ್ದರೆ, ಮುನಿರಾಜಣ್ಣ ನಿಧಾನವಾಗಿ, ಗಟ್ಟಿಯಾಗಿ, ಕನ್ನಡದಲ್ಲೇ ಮುದ್ದೆ ಕಟ್ಟುವ ವಿಧಾನವನ್ನು ವಿವರಿಸುತ್ತಿದ್ದರು. ಆತ ಕೊನೆಗೆ ಸೋತು ಚೀಲ ಮುಚ್ಚಿದ. ನನ್ನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಕಂಡು ಇನ್ನೊಬ್ಬಾಕೆ ಅದೇನು ಎಂದಳು. ನಮ್ಮ ದೇವರು, ನಾನೇ ತೆರೆದು ತೋರಿಸುತ್ತೇನೆ, ನೀವು ಮುಟ್ಟುವಂತಿಲ್ಲ ಎಂದೆ. ಆಕೆ ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿ, ಒಳ್ಳೆಯದಾಗಲಿ ಎಂದು ಕಳಿಸಿದಳು. ನಮ್ಮೂರ ಸಿನಿಮಾ ಮಾಲಿನಲ್ಲಿ ಇದಕ್ಕಿಂತ ಜಾಸ್ತಿ ತಡಕಾಡುತ್ತಾರೆ.

ಇನ್ನೊಂದು ವಿಮಾನ ಹಿಡಿದು ಆಲ್ಬುಕರ್ಕಿ ನಗರದಲ್ಲಿ ಇಳಿದಾಗ ಡೊಲೊರೆಸ್ ಪಿಕಪ್ ಗಾಡಿ ತಂದಿದ್ದರು. ಗಿಡ್ಡ ಮೈಕಟ್ಟು, ನರೆತ ಜಡೆ, ಮೊಣಕಾಲವರೆಗೆ ಬೂಟು, ಪ್ರೈಮರಿ ಶಾಲೆಯ ಮೇಷ್ಟ್ರ ದನಿ. ಗಾಡಿಯ ಹಿಂದೆ ಮರಳಿನ ಮೂಟೆಗಳಿದ್ದವು. ಹಿಮದ ದಾರಿಯಲ್ಲಿ ಚಕ್ರ ಜಾರದಿರಲು ಭಾರ ಬೇಕಂತೆ. ಮುನಿರಾಜಣ್ಣ ಬಾಗಿಲಿನ ಹಿಡಿಗೆ ಕೈ ಹಾಕಿದವರೇ ಚಟ್ ಎಂದು ಶಾಕ್ ಹೊಡೆಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಗಾಳಿ ಅಷ್ಟು ಒಣಗಿರುತ್ತದೆ ಅಲ್ಲಿ. ಬಾಗಿಲು, ನಲ್ಲಿ, ಕೊನೆಗೆ ಕೈಕುಲುಕಿದ ಮನುಷ್ಯನೂ ಶಾಕ್ ಕೊಡುತ್ತಾನೆ. ಈ ಊರಲ್ಲಿ ಯಾರೂ ಸರಿಯಾಗಿ ಅರ್ಥಿಂಗ್ ಮಾಡಿಸಿಲ್ಲ ಎಂದು ಮುನಿರಾಜಣ್ಣ ತೀರ್ಪು ಕೊಟ್ಟರು. ವಾಪಸು ಹೊರಡುವವರೆಗೂ ಅದನ್ನು ಬದಲಿಸಲಿಲ್ಲ.

ಉತ್ತರಕ್ಕೆ ಏರುತ್ತಾ ಹೋದಂತೆ ನೆಲ ಚಿತ್ರದುರ್ಗದ ಕಡೆಯಂತೆ ಕೆಂಪಗೆ, ಬೋಳಾಗಿ ಕಂಡಿತು. ಆಮೇಲೆ ಆ ಕೆಂಪಿನ ಮೇಲೆ ಬಿಳಿ ಶುರುವಾಯಿತು. ಅದರ ಮೇಲೆ ಅಲ್ಲೊಂದು ಇಲ್ಲೊಂದು ದುಂಡನೆಯ ಹಸಿರು ಮರ, ಹೋದಂತೆ ಹೋದಂತೆ ಮರಗಳೇ ಮರಗಳು. ಮಳೆ ಕಾಣದ ಸೀಮೆಯಲ್ಲಿ ಕಾಡು, ಆ ಕಾಡಿನ ಮೇಲೆ ಹಿಮ, ಅದರ ಮೇಲೆ ಕಣ್ಣು ಕುಕ್ಕುವ ಬಿಸಿಲು. ಗಾಡಿ ನಿಲ್ಲಿಸಿ ಇಳಿದು ಹಿಮ ಮುಟ್ಟಿದೆ. ಒದ್ದೆಯೇ ಇಲ್ಲ, ಚಿರೋಟಿ ರವೆಯಂತೆ ಪುಡಿಪುಡಿ. ಉಂಡೆ ಕಟ್ಟಲು ನೋಡಿದರೆ ತುಪ್ಪ ಸಾಲದ ರವೆ ಉಂಡೆಯ ಹಾಗೆ ಉದುರಿಹೋಯಿತು. ನನಗಂತೂ ಖುಷಿಯಾಗಿ ಒಬ್ಬಳೇ ನಕ್ಕೆ. ಬಿಸಿಲಿನ ಟೋಪಿಯನ್ನು ಹಾಕಿಕೊಂಡೇ ಒಂದು ಫೋಟೊ ತೆಗೆಸಿಕೊಂಡೆ, ಒಂಟೆ ಇಲ್ಲದಿದ್ದರೇನಂತೆ.

ಡೊಲೊರೆಸ್ ಮನೆ

ಮಣ್ಣಿನ ದಪ್ಪ ಗೋಡೆಯ ಮನೆ. ಬಾಗಿಲ ಪಕ್ಕದಲ್ಲಿ ಆಳೆತ್ತರದ ಮೆಣಸಿನಕಾಯಿ ಸರ ತೂಗುಬಿಟ್ಟಿದ್ದರು. ಸುಕ್ಕುಸುಕ್ಕಾದ, ಗಾಢ ಕೆಂಪಿನ ಒಣ ಮೆಣಸಿನಕಾಯಿ! ಬ್ಯಾಡಗಿಯ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಸ್ವಾಗತ ಬೇಕೇ? ಒಂದನ್ನು ಮುರಿದು ಮೂಸಿದೆ. ನಮ್ಮದಕ್ಕೂ ಇದಕ್ಕೂ ದಾಯಾದಿ ಸಂಬಂಧವಿರಬೇಕು ಅನಿಸಿತು. ಅಲ್ಲಿ ಏನೇ ಬಡಿಸಿದರೂ ಮೊದಲು ಕೆಂಪೋ ಹಸಿರೋ ಎಂದು ಕೇಳುತ್ತಾರೆ, ಯಾವ ಮೆಣಸಿನಕಾಯಿಯ ಸಾರು ಸುರಿಯಲಿ ಎಂದು ಅರ್ಥ. ನಾನು ಮೂರು ಹೊತ್ತೂ ಕೆಂಪು ಎಂದೆ.

ಸಮುದ್ರಮಟ್ಟದಿಂದ ಏಳೂವರೆ ಸಾವಿರ ಅಡಿ ಎತ್ತರದ ಊರು. ಅಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿಗೆ ಶಕ್ತಿ ಸಾಲದು. ಡೊಲೊರೆಸ್ ಮನೆಯ ಹುರುಳಿಕಾಯಿ ಬೀಜ ಬೆಳಗ್ಗೆ ಒಲೆ ಏರಿದರೆ ಸಂಜೆ ಇಳಿಯುತ್ತಿತ್ತು. ಮುನಿರಾಜಣ್ಣನ ಮೊದಲ ದಿನದ ಮುದ್ದೆ ಹಸಿ ಹಸಿಯಾಯಿತು. ಪಾತ್ರೆಯದೇ ತಪ್ಪು ಎಂದು ಅವರು ಪಾತ್ರೆ ಬದಲಿಸಿದರು. ಅದೂ ಹಾಗೇ ಆದಾಗ ಅದನ್ನೇ ನುಂಗಿದರು.

ನನ್ನ ಚಿಂತೆ ಬೇರೆ ಇತ್ತು. ದಿನದ ಲಿಂಗಪೂಜೆಗೆ ಪತ್ರೆ ಬೇಕು. ಬ್ಯಾಗಿನಲ್ಲಿ ಎಲೆ ತರುವಂತಿರಲಿಲ್ಲ, ಹೊರಗೆ ಎಲ್ಲಾ ಬಿಳಿ. ಬೆಳಗ್ಗೆ ಕಿಟಕಿಯಿಂದ ನೋಡಿದರೆ ಅಂಗಳದಲ್ಲಿ ಜೂನಿಪರ್ ಎಂಬ ಮರ ಹಿಮದ ನಡುವೆ ಹಸಿರಾಗಿ ನಿಂತಿತ್ತು. ಕೇಳಿ ಒಂದು ಎಸಳು ತಂದೆ. ಮೂರು ದಳವೇನೂ ಇರಲಿಲ್ಲ, ಮುಳ್ಳುಮುಳ್ಳಾಗಿತ್ತು, ಪರಿಮಳ ಮಾತ್ರ ಮನೆಯೆಲ್ಲ ತುಂಬಿತು. ಶಿವನಿಗೆ ಬೇಸರವಾದಂತೆ ಕಾಣಲಿಲ್ಲ. ಡೊಲೊರೆಸ್ ಬಾಗಿಲಲ್ಲಿ ನಿಂತು ಪೂಜೆ ಮುಗಿಯುವವರೆಗೂ ಕಾದು, ಆಮೇಲೆ ಕಾಫಿಗೆ ಕರೆದರು.

ಎರಡನೇ ದಿನ, ಕಾಡು

ಯಂತ್ರ ಜೋಡಿಸುವ ಮೊದಲು ಸೌದೆ ಎಲ್ಲಿಂದ ಬರುತ್ತದೆ ನೋಡು ಎಂದು ಡೊಲೊರೆಸ್ ಕಾಡಿಗೆ ಕರೆದುಕೊಂಡು ಹೋದರು. ಕೆಳಗೆ ಜೂನಿಪರ್ ಮತ್ತು ಪಿನ್ಯೋನ್ ಎಂಬ ಗಿಡ್ಡ ಪೈನ್, ಮೇಲೆ ಹೋದಂತೆ ದೇವಸ್ಥಾನದ ಕಂಬದಂತಹ ದೊಡ್ಡ ಪೈನುಗಳು. ಬಿಸಿಲು ಬಿದ್ದ ಕಾಂಡದ ಬಿರುಕಿಗೆ ಮೂಗಿಟ್ಟರೆ ವೆನಿಲಾ ಐಸ್‌ಕ್ರೀಮಿನ ವಾಸನೆ. ನಾನು ಮೂರು ಮರ ಮೂಸಿದೆ, ಮುನಿರಾಜಣ್ಣ ನನಗೆ ಚಳಿಯಿಂದ ಏನೋ ಆಗಿದೆ ಎಂದುಕೊಂಡರು. ಸದ್ದು ಎಂಬುದೇ ಇಲ್ಲ. ನಮ್ಮ ಕಾರ್ಖಾನೆಯಿರುವ ಟೆನ್ತ್ ಮೇನ್ ರಸ್ತೆಯ ಪವರ್ ಪ್ರೆಸ್ಸುಗಳ ಬಡಿತ ಕೇಳಿ ಕೇಳಿ ಹಾಳಾದ ನನ್ನ ಕಿವಿ ಆ ಮೌನಕ್ಕೆ ಗುಂಯ್ ಎನ್ನುತ್ತಿತ್ತು.

ಪಿನ್ಯೋನ್ ಮರ ತೊಡೆ ಗಾತ್ರವಾಗಲು ನೂರು ವರ್ಷ ಬೇಕಂತೆ. ಅದಕ್ಕೇ ಆ ಊರಿನವರು ಹಸಿ ಮರ ಮುಟ್ಟುವುದಿಲ್ಲ. ಬರದಲ್ಲಿ, ಹುಳ ಬಿದ್ದು, ನಿಂತಲ್ಲೇ ಸತ್ತ ಮರಗಳನ್ನು ಮಾತ್ರ ಕಡಿಯುತ್ತಾರೆ. ಡೊಲೊರೆಸ್ ಕೊಡಲಿಯ ಹಿಂಬದಿಯಿಂದ ತಟ್ಟಿ ಕಿವಿ ಕೊಡುತ್ತಿದ್ದರು. ಬದುಕಿದ್ದರೆ ಮೊದ್ದು ಸದ್ದು, ಸತ್ತಿದ್ದರೆ ಟಣ್ ಎನ್ನುತ್ತದೆ. ಸಂತೆಯಲ್ಲಿ ತೆಂಗಿನಕಾಯಿ ಆರಿಸಿದ ಹಾಗೆ. ಮುನಿರಾಜಣ್ಣ ಕೊಡಲಿ ಇಸಿದುಕೊಂಡು ತಾವೂ ನಾಲ್ಕು ಮರ ತಟ್ಟಿದರು, ನಾಲ್ಕೂ ಸರಿಯಾಗಿ ಹೇಳಿದರು. ಸತ್ತ ಮರದ ಸೌದೆ ಕಬ್ಬಿಣದಷ್ಟು ಗಟ್ಟಿ. ಕೊಡಲಿಗೆ ಜಗ್ಗುವುದಿಲ್ಲ, ಯಂತ್ರ ಬೇಕಾದದ್ದು ಅದಕ್ಕೆ.

ಹಿಂದಿನ ಚಳಿಗಾಲದಲ್ಲಿ ಸೀಳುವವರಿಲ್ಲದೆ ಎರಡು ಮನೆಗಳಲ್ಲಿ ಸೌದೆ ಮುಗಿದು, ಒಬ್ಬಾಕೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು ಎಂದು ವಾಪಸು ಬರುವಾಗ ಡೊಲೊರೆಸ್ ಹೇಳಿದರು. ಈ ವರ್ಷ ಹಾಗಾಗಬಾರದು, ಬೇರೆ ಯಂತ್ರಕ್ಕೆ ನಮ್ಮಲ್ಲಿ ದಾರಿ ಇಲ್ಲ ಎಂದರು. ನಾನು ಧೈರ್ಯ ಹೇಳಿದೆ. ಅಂದು ಸಂಜೆಯೊಳಗೆ ಜೋಡಣೆ ಮುಗಿಸಿ ಸುಖವಾಗಿ ನಿದ್ದೆ ಮಾಡಿದೆವು.

ಮೂರನೇ ದಿನ, ಬೆಳಗ್ಗೆ ಏಳು

ಬಾಗಿಲ ಬಳಿಯ ಉಷ್ಣಮಾಪಕ ಸೊನ್ನೆ ತೋರಿಸುತ್ತಿತ್ತು. ಅವರ ಸೊನ್ನೆ ಎಂದರೆ ನಮ್ಮ ಲೆಕ್ಕದಲ್ಲಿ ಮೈನಸ್ ಹದಿನೆಂಟು. ಅಂಗಳದಲ್ಲಿ ಆರೇಳು ಹಿರಿಯರು ಕಾಫಿ ಲೋಟ ಹಿಡಿದು ನಿಂತಿದ್ದರು. ಮುನಿರಾಜಣ್ಣ ಯಂತ್ರಕ್ಕೆ ಕುಂಕುಮ ಹಚ್ಚಿ ಕೈಮುಗಿದು ಎಂಜಿನ್ ಶುರು ಮಾಡಿದರು.

ಪಂಪು ಕಿರುಚಿದ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಮುಂದೆ ನುಗ್ಗಬೇಕಾದ ಕಬ್ಬಿಣದ ದಂಡ ಒಂದು ಬೆರಳಷ್ಟು ಬಂದು ನಿಂತುಬಿಟ್ಟಿತು. ಮುನಿರಾಜಣ್ಣ ತಕ್ಷಣ ಎಂಜಿನ್ ಆರಿಸಿ, ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ಎತ್ತಿದರು. ಎಣ್ಣೆ ತೊಟ್ಟಿಕ್ಕಲಿಲ್ಲ. ಜೋನಿಬೆಲ್ಲದಂತೆ ಕಡ್ಡಿಗೆ ಅಂಟಿಕೊಂಡಿತ್ತು. ಪೀಣ್ಯದಲ್ಲಿ ಎಲ್ಲರೂ ಎಲ್ಲಾ ಯಂತ್ರಕ್ಕೂ ಹಾಕುವ ಎಣ್ಣೆ ಅದು, ಇನ್ನೊಂದು ಬಗೆ ಇದೆಯೇ ಎಂದು ನಾವು ಯಾವತ್ತೂ ಕೇಳಿದವರಲ್ಲ. ಚಳಿ ಎಂದರೆ ಚಳಿ, ಅದರಲ್ಲಿ ತಾರತಮ್ಯವೇನು ಎಂದುಕೊಂಡಿದ್ದೆ. ಆ ಅಂಗಳದಲ್ಲಿ ನಿಂತು ನನ್ನ ಇಮೇಲಿನ ಒಂದೊಂದು ಅಕ್ಷರವೂ ನೆನಪಾಗಿ ಮುಖ ಬಿಸಿಯಾಯಿತು.

ಮುನಿರಾಜಣ್ಣ ಬಗ್ಗಿ ಬೋಲ್ಟ್ ನೋಡುವವರಂತೆ ನಟಿಸುತ್ತಾ ಮೆಲ್ಲಗೆ ಹೇಳಿದರು.

"ಮೇಡಂ, ಗಾಬ್ರಿ ಬೀಳ್ಬೇಡಿ. ಮದ್ಯಾನ ಬಿಸ್ಲು ಕಾಯ್ಲಿ, ಎಣ್ಣೆ ತಾನೇ ಇಳೀತದೆ. ನಮ್ಮ ಕಡೆ ಇನ್ಸ್‌ಪೆಕ್ಷನ್‌ನೋರು ಬರಾಕ್ ಮುಂಚೆ ಮಿಷನ್ ಬಿಸಿ ಮಾಡ್ ಮಡಗಲ್ವಾ, ಅಂಗೇ. ಓಡ್ಸಿ ತೋರ್ಸಿ ಸೈನ್ ಆಕುಸ್ಕೊಂಡು ಓಗಣ."

ಅವರು ಮೋಸಗಾರರಲ್ಲ. ಪೀಣ್ಯದಲ್ಲಿ ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಪರೀಕ್ಷೆಗೆ ಬರುವವರ ಮುಂದೆ ತಣ್ಣನೆಯ ಯಂತ್ರ ಓಡಿಸುವವನೇ ನಮ್ಮಲ್ಲಿ ಪೆದ್ದ. ನಾನೂ ಎಷ್ಟೋ ಸಲ ಹಾಗೆ ಮಾಡಿದವಳು. ಅಲ್ಲೂ ಮಧ್ಯಾಹ್ನದ ಬಿಸಿಲಿಗೆ ಯಂತ್ರ ಖಂಡಿತ ಓಡುತ್ತಿತ್ತು. ನಾವು ಬೆಂಗಳೂರು ಮುಟ್ಟಿದ ಮೇಲೆ, ಯಾವುದೋ ಬೆಳಗ್ಗೆ, ಡೊಲೊರೆಸ್ ಒಬ್ಬರೇ ಎಂಜಿನ್ ಶುರು ಮಾಡಿದಾಗ ಪಂಪು ಒಡೆಯುತ್ತಿತ್ತು. ಯಜಮಾನರಿಗೆ ಫೋನ್ ಮಾಡೋಣವೆಂದು ಮೊಬೈಲ್ ತೆಗೆದೆ, ಮಾಡಲಿಲ್ಲ. ಬರೆದಾಕಿ ನೀನು, ಹೇಳಾಕಿನೂ ನೀನ ಎನ್ನುತ್ತಿದ್ದರು. ಅದನ್ನು ಕೇಳಲು ಅಷ್ಟು ದೂರದ ಫೋನ್ ಯಾಕೆ?

ಒಳಗೆ ಹೋದೆ. ಡೊಲೊರೆಸ್ ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದರು. ಚಳಿಗಾಲದಲ್ಲಿ ಪರೀಕ್ಷೆ ಮಾಡಿದ್ದೇವೆ ಎಂದು ಬರೆದದ್ದು ನಾನೇ, ಆದರೆ ಅದು ನಮ್ಮ ಊರಿನ ಚಳಿಗಾಲ, ಎಣ್ಣೆ ನಿಮ್ಮ ಊರಿಗೆ ಆಗುವಂಥದ್ದಲ್ಲ, ಮಧ್ಯಾಹ್ನದ ಬಿಸಿಲಿಗೆ ಓಡೀತು, ಬೆಳಗ್ಗೆ ಓಡದು, ತಪ್ಪು ನಮ್ಮದು ಎಂದು ಒಂದೇ ಉಸಿರಿಗೆ ಹೇಳಿದೆ. ನಿಮ್ಮ ಚಳಿ ಎಷ್ಟು ಎಂದು ಕೇಳಿದರು. ಹದಿನಾಲ್ಕು ಎಂದೆ. ಅವರ ಲೆಕ್ಕಕ್ಕೆ ತಿರುಗಿಸಿದರೆ ಐವತ್ತೇಳಾಯಿತು. ಐವತ್ತೇಳಕ್ಕೆ ನಾವು ಅಂಗಿಯ ತೋಳು ಮಡಚುತ್ತೇವೆ ಎಂದರು. ನಗಲಿಲ್ಲ.

"ಮಧ್ಯಾಹ್ನ ಓಡಿಸಿದ್ರೆ ನನಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಮತ್ತೆ ಯಾವಾಗ ಗೊತ್ತಾಗ್ತಿತ್ತು?"

"ನಾವು ಹೋದ ಮೇಲೆ. ಪಂಪ್ ಒಡೆದಾಗ."

ಅವರು ಕೈ ಒರೆಸಿಕೊಂಡು ಗಾಡಿಯ ಕೀ ತೆಗೆದುಕೊಂಡರು. "ಕೋಟು ಹಾಕ್ಕೋ. ಪೇಟೆಯಲ್ಲಿ ಟ್ರ್ಯಾಕ್ಟರ್ ಅಂಗಡಿ ಇದೆ," ಎಂದರು. ಕ್ಷಮಿಸಿದರೋ, ಯಂತ್ರ ವಾಪಸು ತೆಗೆದುಕೊಂಡು ಹೋಗು ಎನ್ನುವರೋ, ಮುಖ ನೋಡಿ ತಿಳಿಯುವಂತಿರಲಿಲ್ಲ.

ಪೇಟೆಯ ದಾರಿ

ಹೋಗುವಾಗ ಹಿಮ ಶುರುವಾಯಿತು. ದೊಡ್ಡ ಪೈನುಗಳ ನಡುವೆ ಗಾಡಿ ಆಮೆಯಂತೆ ಸಾಗಿತು. ಕೊಂಬೆಯ ಮೇಲೆ ಕೂತ ಹಿಮ ಭಾರವಾದಾಗ ಧೊಪ್ಪನೆ ಜಾರುತ್ತಿತ್ತು, ಕೊಂಬೆ ಮೇಲೆದ್ದು ಮತ್ತೆ ಹಸಿರಾಗುತ್ತಿತ್ತು. ಅಷ್ಟು ಚಂದದ ದಾರಿಯನ್ನು ನಾನು ಇನ್ನೊಮ್ಮೆ ನೋಡುವುದಿಲ್ಲ, ಆದರೆ ನನ್ನ ಕಣ್ಣು ಡೊಲೊರೆಸ್ ಅವರ ಮುಖದ ಮೇಲೇ ಇತ್ತು. ಅವರು ಒಂದು ಗಂಟೆ ರಸ್ತೆಯನ್ನೇ ನೋಡುತ್ತಾ ಗಾಡಿ ಓಡಿಸಿದರು. ನಮ್ಮವರಾಗಿದ್ದರೆ ಬೈದಾದರೂ ಮುಗಿಸುತ್ತಿದ್ದರು.

ಅಂಗಡಿಯಾತ ಚಳಿಗೆಂದೇ ಮಾಡಿದ ತೆಳು ಎಣ್ಣೆ ಕೊಟ್ಟ. ಹೊರಗಿಟ್ಟಿದ್ದ ಡಬ್ಬವನ್ನು ಆತ ಬಗ್ಗಿಸಿ ತೋರಿಸಿದಾಗ ನೀರಿನಂತೆ ಹರಿಯಿತು. ನನಗೆ ಅದನ್ನು ಕುಡಿಯುವಷ್ಟು ಪ್ರೀತಿ ಬಂತು.

ವಾಪಸು ಬಂದಾಗ ಮುನಿರಾಜಣ್ಣ ಹಳೆಯ ಎಣ್ಣೆ ಇಳಿಸುತ್ತಿದ್ದರು. ಟ್ಯಾಂಕಿಗೆ ಗೋಣಿತಟ್ಟು ಸುತ್ತಿ ಮೇಲೆ ಬಿಸಿನೀರು ಸುರಿದು, ಎಣ್ಣೆಯನ್ನು ಬೇಡಿಕೊಂಡು ಹೊರಗೆ ಕರೆಯುವವರಂತೆ ಕೂತಿದ್ದರು. ಸುತ್ತ ಮೂವರು ಹಿರಿಯರು ಕೆಟಲಿನಲ್ಲಿ ನೀರು ಹೊತ್ತು ತರುತ್ತಾ, ಸ್ಪ್ಯಾನಿಷ್‌ನಲ್ಲಿ ಬುದ್ಧಿ ಹೇಳುತ್ತಿದ್ದರು. ಇವರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಕೆಲಸ ಮಾತ್ರ ಅಚ್ಚುಕಟ್ಟಾಗಿ ನಡೆದಿತ್ತು. ಡೊಲೊರೆಸ್ ಅವರಿಗೆ ಎಲ್ಲ ಹೇಳಿಬಿಟ್ಟೆ ಎಂದು ತಿಳಿಸಿದಾಗ ಮುನಿರಾಜಣ್ಣ ಗೋಣಿತಟ್ಟನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದರು.

"ಬುಡಿ ಮೇಡಂ, ಒಳ್ಳೇದೇ ಆಯ್ತು. ಈ ತಾತಂದ್ರು ನೀರು ಒತ್ತಾಕ್ತಾವ್ರೆ, ಇವ್ರಿಗೆ ಎಂಗೆ ಸುಳ್ಳೇಳಾದು," ಎಂದರು.

ನಾಲ್ಕನೇ ದಿನ

ಹಿಂದಿನ ದಿನವೇ ಹೊಸ ಎಣ್ಣೆ ತುಂಬಿದ್ದೆವು. ಬೇಕಿದ್ದರೆ ಸಂಜೆಯೇ ಓಡಿಸಬಹುದಿತ್ತು. ನಾನೇ ಬೇಡವೆಂದೆ. ಯಂತ್ರ ರಾತ್ರಿಯಿಡೀ ಹೊರಗೇ ಇರಲಿ, ಬೆಳಗ್ಗೆ ಎಷ್ಟು ತಣ್ಣಗಾಗುತ್ತದೋ ಆಗಲಿ, ಡೊಲೊರೆಸ್ ಅವರೇ ಶುರು ಮಾಡಲಿ ಎಂದೆ.

ಸೂರ್ಯ ಬೆಟ್ಟದ ಹಿಂದೆ ಇರುವಾಗಲೇ ಅವರು ಹಗ್ಗ ಎಳೆದರು. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಪಂಪು ಗುನುಗಿತು, ಕಿರುಚಲಿಲ್ಲ. ದಂಡ ಮುಂದೆ ಬಂದು ದಿಮ್ಮಿಯನ್ನು ಮುಟ್ಟಿತು, ಒಂದು ಕ್ಷಣ ತಡೆಯಿತು, ಆಮೇಲೆ ಪಿನ್ಯೋನ್ ಮರ ಟಳ್ ಎಂದು ಎರಡಾಗಿ, ಒಳಗಿನ ಕೆಂಪು ತಿರುಳು ಕಂಡು, ಅಂಟಿನ ಪರಿಮಳ ಹರಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಮುಂದಿನ ದಿಮ್ಮಿ ತಂದಿಟ್ಟರು. ಹತ್ತು ಗಂಟೆಯೊಳಗೆ ಒಂದು ಗಾಡಿ ಸೌದೆ ತುಂಬಿತು. ಡೊಲೊರೆಸ್ ಒಮ್ಮೆಯೂ ಸಹಿಯ ಮಾತೆತ್ತಲಿಲ್ಲ, ಕೇಳಲು ನನಗೆ ಬಾಯಿ ಬರಲಿಲ್ಲ.

ಚಳಿಗಾಲದ ಮೊದಲ ಗಾಡಿ ಊರಿನ ಎಲ್ಲರಿಗಿಂತ ಹಿರಿಯರ ಮನೆಗೆ ಹೋಗಬೇಕೆಂಬುದು ಅಲ್ಲಿಯ ಕ್ರಮ. ನಮ್ಮಿಬ್ಬರನ್ನೂ ಜೊತೆಗೆ ಹತ್ತಿಸಿಕೊಂಡರು. ಫಿಲಿಮೋನ್ ಎಂಬ ತೊಂಬತ್ತನಾಲ್ಕು ವರ್ಷದ ಅಜ್ಜ, ಒಂದೇ ಕೋಣೆಯ ಮಣ್ಣಿನ ಮನೆ, ನಡುವೆ ಕಬ್ಬಿಣದ ಒಲೆ. ಅಜ್ಜ ಕಂಬಳಿ ಹೊದ್ದು ಕೂತಿದ್ದರು. ಮುನಿರಾಜಣ್ಣ ಸೌದೆಯನ್ನು ಗೋಡೆಗೆ ಒಟ್ಟಿದರು. ಅಜ್ಜ ಒಂದು ಸೀಳನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಸವರಿ ನೋಡಿ, ಈ ಹೆಂಗಸು ಯಾರು ಎಂದು ನನ್ನತ್ತ ಗದ್ದ ಎತ್ತಿದರು.

ಯಂತ್ರ ಮಾಡಿದವಳು ಎಂದು ಹೇಳುತ್ತಾರೆ ಎಂದುಕೊಂಡೆ. ಡೊಲೊರೆಸ್ ಅಜ್ಜನಿಗೆ ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿ, ಆಮೇಲೆ ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು.

"ಇವಳು ಶೈಲಜಾ. ತನ್ನ ಯಂತ್ರದಲ್ಲಿ ತಪ್ಪಿದೆ ಅಂತ ತಾನೇ ಬಂದು ನನಗೆ ಹೇಳಿದವಳು. ಅದಕ್ಕೇ ಯಂತ್ರ ಇಟ್ಕೊಂಡೆ."

ಕೋಟಿನ ಜೇಬಿನಿಂದ ಒಪ್ಪಿಗೆಯ ಕಾಗದ ತೆಗೆದು ನನ್ನ ಕೈಗಿಟ್ಟರು. ಸಹಿ ಆಗಲೇ ಆಗಿತ್ತು, ತಾರೀಖು ಹಿಂದಿನ ದಿನದ್ದು. ಪೇಟೆಯಿಂದ ಬಂದು, ಯಂತ್ರ ಇನ್ನೂ ಓಡುವ ಮೊದಲೇ ಹಾಕಿದ ಸಹಿ ಅದು.

ಅಜ್ಜ ಬಹಳ ಹೊತ್ತು ನನ್ನ ಮುಖ ನೋಡಿದರು. ಬೆಂಕಿಪೊಟ್ಟಣ ಚಾಚಿ ಒಂದು ಮಾತು ಹೇಳಿದರು. ಹೊಸ ಸೌದೆಯ ಮೊದಲ ಬೆಂಕಿಯನ್ನು ಮನೆಯವರೇ ಹಚ್ಚಬೇಕು, ಈ ವರ್ಷ ನೀನು ಹಚ್ಚಬೇಕಂತೆ ಎಂದು ಡೊಲೊರೆಸ್ ತಿಳಿಸಿದರು.

ಒಲೆಯ ಮುಂದೆ ಮಂಡಿಯೂರಿ ಕೂತೆ. ಪಿನ್ಯೋನ್ ಸೀಳುಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು, ಕೆಳಗೆ ಒಣ ತೊಗಟೆ ತುರುಕಿದೆ. ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಹೇಳಿಬಿಡಬಹುದಿತ್ತು, ಆದರೆ ನಾನಿನ್ನೂ ಕಡ್ಡಿಯನ್ನೇ ಗೀರಿರಲಿಲ್ಲ.